ಆರ್ಡಿಸ್ ಕೊಟ್ಟ ಗಾಜಿನ ಟ್ರೇ

...ಟ್ರೇ ಕಾಲಡಿ ಇಡಬೇಡ ಮಾರಾಯ್ತಿ, ತೊಡೆ ಮೇಲೆ ಇಟ್ಕೋ. ಈ ಕಾರಲ್ಲಿ ಬ್ರೇಕ್ ಹಾಕಿದ್ರೆ ಎಲ್ಲಾ ಮುಂದಕ್ಕೆ ಜಾರುತ್ತೆ. ಬಿಸೀನಾ? ಟವೆಲ್ ಸುತ್ತಿದೀನಲ್ಲ, ಸುಡಲ್ಲ. ಖರ್ಜೂರ, ಓಟ್ಸು, ಬೆಣ್ಣೆ... ಬೆಣ್ಣೆ ಎಷ್ಟು ಅಂತ ಮಾತ್ರ ಕೇಳಬೇಡ, ಆಮೇಲೆ ತಿನ್ನೋಕಾಗಲ್ಲ. ನಿನಗೇ ಅಂತ ಬೆಳಗ್ಗೆ ಎದ್ದು ಮಾಡಿದ್ದು. ನೋಡು, ನೀನು ತಾನು ಅಂತಿದೀನಿ, ಬೇಜಾರಿಲ್ಲ ತಾನೆ? ಡಾಕ್ಟರ ಹೆಂಡತಿ ಅಂತ ಕೈಕಟ್ಟಿಕೊಂಡು ಮಾತಾಡೋಕೆ ನನಗೆ ಬರಲ್ಲ. ನಾನೂ ಡಾಕ್ಟರ ಹೆಂಡತೀನೇ ಕಣಮ್ಮ. ನೀನು ಕೊರಿನ್, ನಾನು ಪ್ರಿಸಿಲ್ಲಾ. ಆಯ್ತು, ಉಪಚಾರ ಮುಗೀತು. ಆಸ್ಪತ್ರೆಯಲ್ಲಿ ನಿನ್ನ ಗಂಡನ ಸಂದರ್ಶನ ಮುಗಿಯೋದರೊಳಗೆ ಊರು ತೋರಿಸಿಬಿಡ್ತೀನಿ.

ಎಲ್ಲಿಗೆ ಬಂದಿದ್ದೆ? ಹಾಂ, ಹೊಳೆ. ಎಡಗಡೆ ನೋಡು, ಅದೇ ಮಿಸಿಸಿಪ್ಪಿ. ಅಣೆಕಟ್ಟೆ ಗೋಡೆ ಪಕ್ಕ ಉದ್ದಕ್ಕೆ ನಿಂತಿವೆಯಲ್ಲ, ಅವು ದವಸ ಸಾಗಿಸೋ ದೋಣಿಗಳು. ಮುಸುಕಿನ ಜೋಳ ತುಂಬ್ಕೊಂಡು ಸಮುದ್ರದ ತನಕ ಹೋಗ್ತವೆ. ಅಣೆಕಟ್ಟೆ ಬಾಗಿಲಲ್ಲಿ ನೀರಿನ ಮಟ್ಟ ಇಳಿಯೋ ತನಕ ಕಾಯಬೇಕು. ಭಾನುವಾರ ಚರ್ಚ್ ಮುಗಿಸ್ಕೊಂಡು ಜನ ಮಡಚೋ ಕುರ್ಚಿ ತಂದು ಮೇಲೆ ಸಾಲಾಗಿ ಕೂರ್ತಾರೆ, ದೋಣಿ ಇಳಿಯೋದು ನೋಡೋಕೆ. ಯಾಕೆ ನಗ್ತಿದೀಯ? ನಿಜವಾಗ್ಲೂ. ನಾನೂ ಮೊದಮೊದಲು ನಕ್ಕಿದ್ದೆ. ಈಗ ನನ್ನದೇ ಒಂದು ಕುರ್ಚಿ ಇದೆ, ಡಿಕ್ಕಿಯಲ್ಲಿ.

ಒಂದ್ನಿಮಿಷ, ಇಲ್ಲಿ ನಿಲ್ಲಿಸ್ತೀನಿ. ಹಿಂದಿನ ಸೀಟಲ್ಲಿ ನೀಲಿ ಮುಚ್ಚಳದ ಪಾತ್ರೆ ಇದೆಯಲ್ಲ, ಅದು ಈ ಮನೆ ಡಲೋರಿಸ್‌ದು. ಬಾಗಿಲ ಹತ್ರ ಇಟ್ಟು ಓಡಿ ಬಂದೆ. ನೀನು ಕೂತಿರು.

...ಅಬ್ಬ. ಸದ್ಯ, ಅವಳು ಒಳಗಿರಲಿಲ್ಲ. ಇದ್ದಿದ್ರೆ ಮುಗೀತು, ಬಾಗಿಲಲ್ಲಿ ಅರ್ಧ ಗಂಟೆ, ಮೆಟ್ಟಿಲಲ್ಲಿ ಅರ್ಧ ಗಂಟೆ, ಕಾರಿನ ಕಿಟಕಿಗೆ ಮೊಣಕೈ ಊರಿಕೊಂಡು ಇನ್ನೂ ಒಂದಷ್ಟು ಹೊತ್ತು. ಇಲ್ಲಿ ಯಾರಿಗೂ 'ಬರ್ತೀನಿ' ಅಂತ ಹೇಳಿ ಹೊರಟುಬಿಡೋಕೆ ಬರಲ್ಲ. ಒಳ್ಳೇ ಜನ ಕಣೇ, ಅದರಲ್ಲಿ ಎರಡು ಮಾತಿಲ್ಲ. ನೀವು ಇಲ್ಲಿ ಮನೆ ಮಾಡಿದ ದಿನವೇ ನೋಡು, ಸಾಲುಗಟ್ಟಿ ಬರ್ತಾರೆ, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗಾಜಿನ ಟ್ರೇ. ಆಲೂಗೆಡ್ಡೆ, ಮಾಂಸ, ಮೇಲೆ ಚೀಸ್. ತಳದಲ್ಲಿ ಬಿಳಿ ಟೇಪ್ ಅಂಟಿಸಿ ಹೆಸರು ಬರೆದಿರ್ತಾರೆ. ಪಾತ್ರೆ ಯಾರದು ಅಂತ ಗೊತ್ತಾಗಬೇಕಲ್ಲ? ವಾಪಸ್ ಕೊಡಬೇಕಲ್ಲ?

ಆದರೆ ಖಾಲಿ ಪಾತ್ರೆ ವಾಪಸ್ ಕೊಡೋ ಹಾಗಿಲ್ಲ. ಅದೊಂದು ನೆನಪಿಟ್ಕೋ. ನೀನೂ ಏನಾದ್ರೂ ಮಾಡಿ, ತುಂಬಿಸಿ ಕೊಡಬೇಕು. ಆಗ ಅವರಿಗೆ ನಿನ್ನ ಕೈ ರುಚಿ ಇಷ್ಟವಾಗಿ, ಅವರು ಮತ್ತೆ ಇನ್ನೊಂದು ಕಳಿಸ್ತಾರೆ. ನೀನು ಮತ್ತೆ... ಹೂಂ, ಮುಗಿಯೋದೇ ಇಲ್ಲ. ನನ್ನ ಅಡುಗೆಮನೆಯಲ್ಲಿ ಯಾರದಾದ್ರೂ ಒಂದು ಟ್ರೇ ಇಲ್ಲದ ದಿನವೇ ಇಲ್ಲ, ಬಂದಾಗಿಂದ. ಊರು ಬಿಟ್ಟು ಹೋಗೋರು ಮಾತ್ರ ಖಾಲಿ ಕೊಡ್ತಾರೆ. ಅವರ ಅಡುಗೆಮನೆ ಆಗಲೇ ಡಬ್ಬಗಳಲ್ಲಿ ಪ್ಯಾಕ್ ಆಗಿರುತ್ತಲ್ಲ, ಅದಕ್ಕೆ ಯಾರೂ ತಪ್ಪು ತಿಳಿಯಲ್ಲ.

ಇನ್ನೊಂದು ತಮಾಷೆ ಹೇಳ್ತೀನಿ ಕೇಳು. ಟ್ರೇಯಲ್ಲಿ ಕೊನೇ ತುಂಡು ಉಳೀತು ಅಂತಿಟ್ಕೋ. ಯಾರೂ ತೊಗೊಳ್ಳಲ್ಲ. ಒಬ್ಬಳು ಬಂದು ಅದರಲ್ಲಿ ಅರ್ಧ ಕತ್ತರಿಸ್ಕೋತಾಳೆ. ಇನ್ನೊಬ್ಬಳು ಆ ಅರ್ಧದಲ್ಲಿ ಅರ್ಧ. ಸಂಜೆ ಹೊತ್ತಿಗೆ ಬೆರಳಿನ ಉಗುರಿನಷ್ಟು ಒಂದು ಚೂರು, ದೊಡ್ಡ ಟ್ರೇ ಮಧ್ಯೆ. ಬೇಕು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಸುಮ್ಮನಿದ್ದರೆ ಹೂಂ ಅಂತ ತಿಳ್ಕೋಬೇಕು. ನಿನಗೂ ರೂಢಿಯಾಗುತ್ತೆ ಬಿಡು.

ಮೇಲೆ ನೋಡು, ಗುಡ್ಡದ ಪಕ್ಕೆಯಲ್ಲಿ ಹಸಿರು ಬಣ್ಣದ ಪೆಟ್ಟಿಗೆ ಹತ್ತುತ್ತಾ ಇದೆ. ಹಗ್ಗ ಕಟ್ಟಿ ಎಳೆಯೋ ರೈಲು ಅದು. ಒಂದು ಹತ್ತಿದರೆ ಇನ್ನೊಂದು ಇಳಿಯುತ್ತೆ, ನಡುವೆ ಎದುರುಬದುರಾಗಿ ಹಾದು ಹೋಗ್ತವೆ. ತುದಿಯಲ್ಲಿ ನಿಂತರೆ ಮೂರು ರಾಜ್ಯ ಕಾಣುತ್ತೆ. ಸಮುದ್ರಾನಾ? ಅಯ್ಯೋ, ಇಲ್ಲಿಂದ ಯಾವ ದಿಕ್ಕಿಗೆ ನೋಡಿದರೂ ಜೋಳವೇ ಕಣೇ. ನೀನೂ ಕರಾವಳಿಯವಳು ಅಲ್ವಾ? ಕ್ಯಾರೊಲೈನಾ. ಗೊತ್ತು, ಆಸ್ಪತ್ರೆಯವರು ಹೇಳಿದ್ರು. ನಾನು ಮೇನ್ ರಾಜ್ಯದ ಸಮುದ್ರತೀರದವಳು. ನಮ್ಮಪ್ಪನದು ಮೀನು ದೋಣಿ. ಮೊದಲ ವರ್ಷ ಜೋಳದ ಹೊಲದಲ್ಲಿ ಗಾಳಿ ಬೀಸಿದಾಗ ಕಣ್ಣು ಮುಚ್ಕೊಂಡು ನಿಲ್ತಿದ್ದೆ, ಹೆಚ್ಚುಕಡಿಮೆ ಸಮುದ್ರದ್ದೇ ಸದ್ದು. ಈಗ ಹಾಗೆಲ್ಲ ಮಾಡಲ್ಲ.

ಸರಿ, ಸರಿ, ಮುಖ ಸಣ್ಣ ಮಾಡ್ಕೋಬೇಡ. ಇದು ಗುಂಡಿ ಮ್ಯೂಸಿಯಂ. ಹೌದಮ್ಮ, ಅಂಗಿ ಗುಂಡಿಯೇ. ಹಿಂದೆ ಇಲ್ಲಿ ಹೊಳೆ ಚಿಪ್ಪು ತೆಗೆದು ಗುಂಡಿ ಕೊರೀತಿದ್ರು. ಕೊರೆದು ಬಿಸಾಕಿದ ಚಿಪ್ಪು ಇವತ್ತಿಗೂ ದಡದಲ್ಲಿ ಸಿಗುತ್ತೆ, ಮೈತುಂಬಾ ತೂತು. ಮಕ್ಕಳನ್ನ ಸ್ಕೂಲಿಂದ ವರ್ಷಾ ವರ್ಷಾ ಕರ್ಕೊಂಡು ಬರ್ತಾರೆ. ನನ್ನ ಮಗಳು ಎಷ್ಟು ಸಲ ನೋಡಿದ್ದಳೋ, ಕಾಲೇಜಿಗೆ ಅಂತ ಹೋದೋಳು ಇವತ್ತಿಗೂ ಗುಂಡಿ ಇರೋ ಬಟ್ಟೆ ಹಾಕಲ್ಲ. ನಗು ನಗು, ನಕ್ಕರೆ ಚೆನ್ನಾಗಿ ಕಾಣ್ತೀಯ.

ಹಿಂದೆ ಖಣಖಣ ಅಂತಿರೋದಾ? ಪಾತ್ರೆಗಳು. ತಿರುವಿನಲ್ಲಿ ಒಂದಕ್ಕೊಂದು ತಾಗ್ತವೆ. ಇರು, ಬಾರ್ಬ್ ಮನೆ ಬಂತು, ಎರಡು ಅವಳದೇ.

...ಆಯ್ತು. ಈಗ ಸದ್ದು ಕಡಿಮೆಯಾಗುತ್ತೆ.

ಆ ಗಾಜಿನ ಮನೆ ಕಾಣ್ತಾ? ಸಸ್ಯೋದ್ಯಾನ. ಒಳಗೆ ಬಾಳೆಗಿಡ, ನಿಂಬೆ, ಚಿಟ್ಟೆಗಳು. ಜನವರಿಯಲ್ಲಿ ಹೊರಗೆ ಮೂಗು ಬಿದ್ದುಹೋಗೋ ಚಳಿ, ಒಳಗೆ ಬೆವರು. ನಾನು ಹೋಗಿ ಬೂಟು ಬಿಚ್ಚಿಟ್ಟು ಬಾಳೆಗಿಡದ ಕೆಳಗೆ ಕೂರ್ತೀನಿ. ದಿನಾ ಅಲ್ಲ. ಸುಮಾರು ದಿನ. ಬಾಗಿಲಲ್ಲಿ ಕೂರೋ ಹೆಂಗಸು ಈಗ ಟಿಕೆಟ್ಟೂ ಕೇಳಲ್ಲ. ಹೋದ ವರ್ಷ ನಿನ್ನ ಹಾಗೇ ಒಬ್ಬಳನ್ನ ಕರ್ಕೊಂಡು ಬಂದಿದ್ದೆ, ಅವಳ ಗಂಡನನ್ನೂ ಇದೇ ಕೆಲಸಕ್ಕೆ ಕರೆದಿದ್ರು. ಚಿಟ್ಟೆ ಅವಳ ತೋಳಿನ ಮೇಲೆ ಕೂತಿತು, ಅವಳು ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟಳು. ಯಾಕೋ ಏನೋ. ಅವರು ಬರಲಿಲ್ಲ. ಅದರ ಹಿಂದಿನವಳು ಗುಂಡಿ ಮ್ಯೂಸಿಯಂ ಬಾಗಿಲಲ್ಲೇ 'ವಾಪಸ್ ಬಿಡಿ' ಅಂದಳು. ಗಂಡಂದಿರನ್ನ ಆಸ್ಪತ್ರೆಯವರು ಒಪ್ಪಿಸ್ತಾರೆ, ಹೆಂಡತಿಯರನ್ನ ಒಪ್ಪಿಸೋದು ನನ್ನ ಪಾಲಿಗೆ. ಹೆಂಡತಿ ಒಪ್ಪದಿದ್ರೆ ಯಾವ ಡಾಕ್ಟರೂ ಬರಲ್ಲ.

ನೀನು ಅಳೋ ಪೈಕಿ ಅಲ್ಲ ಅಂತ ನೋಡಿದ ಕೂಡಲೇ ಅಂದ್ಕೊಂಡೆ.

ಕೆಲಸಾನಾ? ಅದನ್ನ ನಿನ್ನ ಗಂಡನಿಗೆ ನನ್ನ ಗಂಡ ರಸ್ ಎಲ್ಲಾ ಹೇಳಿರ್ತಾರೆ. ಈಗ ಸುತ್ತಮುತ್ತಲ ಊರಿಗೆಲ್ಲ ಕಿಡ್ನಿ ಡಾಕ್ಟರು ಅಂತ ಇರೋದು ನಮ್ಮ ರಸ್ ಒಬ್ಬರೇ. ಡಯಾಲಿಸಿಸ್‌ಗೆ ಬರೋರು ವಾರಕ್ಕೆ ಮೂರು ಸಲ ಬರಲೇಬೇಕು, ಹಬ್ಬ ಇರಲಿ ಹಿಮ ಇರಲಿ. ಅದಕ್ಕೇ ಇನ್ನೊಬ್ಬರು ಬೇಕು ಅಂತಿರೋದು. ಇಬ್ಬರು ಇದ್ರೆ ಒಂದು ವಾರ ಇವರು, ಒಂದು ವಾರ ಅವರು, ಆರಾಮ. ನಿನ್ನ ಗಂಡನೂ ಮನೇಲಿ ಊಟ ಮಾಡ್ತಾನೆ. ಹೌದು, ಇಬ್ಬರು... ಹೇಳಿದ್ದಾರಲ್ಲ, ಇಬ್ಬರು. ಅದನ್ನ ಯಾಕೆ ಮತ್ತೆ ಮತ್ತೆ ಕೇಳ್ತೀಯ?

ನೋಡು ನೋಡು, ಈ ಹೊಲ ತಪ್ಪಿಸಿಕೊಂಡ್ರೆ ಆಗಲ್ಲ. ಜೋಳದ ಚಕ್ರವ್ಯೂಹ. ಅಕ್ಟೋಬರಿನಲ್ಲಿ ಮಾತ್ರ. ತಲೆ ಮೇಲೆ ಎದ್ದಿರೋ ಜೋಳದ ನಡುವೆ ಸುತ್ತುದಾರಿ ಕತ್ತರಿಸಿರ್ತಾರೆ. ಒಳಗೆ ಹೋಗೋವಾಗ ಉದ್ದ ಕೋಲಿಗೆ ಕಟ್ಟಿದ ಒಂದು ಬಾವುಟ ಕೊಡ್ತಾರೆ. ದಾರಿ ತಪ್ಪಿದ್ರೆ ಎತ್ತಿ ಹಿಡಿ, ಅಟ್ಟಣೆ ಮೇಲೆ ಕೂತವರು 'ಎಡಕ್ಕೆ, ಬಲಕ್ಕೆ' ಅಂತ ಕೂಗ್ತಾರೆ. ಬಂದ ಹೊಸತರಲ್ಲಿ ನಾನೂ ರಸ್ಸೂ ಹೋಗಿದ್ವಿ. ನಡುಮಧ್ಯೆ ಇದ್ದಾಗ ಆಸ್ಪತ್ರೆಯಿಂದ ಕರೆ ಬಂತು. ಪಾಪ, ಅವರು ಜೋಳ ಮುರ್ಕೊಂಡು ನೆಟ್ಟಗೆ ಓಡಿದ್ರು. ಬಾವುಟ ಅವರ ಕೈಯಲ್ಲೇ ಹೋಯ್ತು.

ನಗಬಹುದು ಕಣೇ, ನಾನು ಎಲ್ಲರಿಗೂ ಹೇಳಿ ನಗಿಸ್ತೀನಿ ಇದನ್ನ. ಕತ್ತಲಾಗೋ ತನಕ ಒಳಗಿದ್ದೆ. ಕೂಗಬಹುದಿತ್ತು. ನಾಚಿಕೆಯಾಯ್ತು. ಹೊಸ ಡಾಕ್ಟರ ಹೆಂಡತಿ ಜೋಳದಲ್ಲಿ ನಿಂತು ಬಾಯಿ ಬಡ್ಕೊಂಡಳು ಅಂತ ಆಗಬಾರದಲ್ಲ. ಅವತ್ತು ಮನೆಗೆ ಬಂದ ಮೇಲೆ ರಸ್ ನನ್ನ ಕೈ ಹಿಡ್ಕೊಂಡು ಹೇಳಿದ್ರು, 'ಇನ್ನೊಬ್ಬ ಡಾಕ್ಟರು ಬರಲಿ ಪ್ರಿಸ್, ಆ ದಿನವೇ...'

ಏನಿಲ್ಲ. ರಜಾ ಹಾಕ್ತೀನಿ ಅಂದ್ರು. ರಜಾ.

ಬಂತು ನೋಡು ಆಸ್ಪತ್ರೆ. ಊರಿನ ಆ ತುದಿಯಿಂದ ಈ ತುದಿಗೆ ಹದಿನೈದೇ ನಿಮಿಷ. ಓ, ಗಾಜಿನ ಬಾಗಿಲ ಹಿಂದೆ ಇಬ್ಬರೂ ನಿಂತಿದಾರೆ. ನೀಲಿ ಕೋಟು ನಿನ್ನ ಗಂಡ ಅಲ್ವಾ? ರಸ್ ಅವನ ಹೆಗಲ ಮೇಲೆ ಕೈ ಹಾಕಿದಾರೆ. ಅವನು ನಿನ್ನ ಮುಖ ನೋಡೋಕೆ ಕಾಯ್ತಿದಾನೆ. ನೀನು ನಕ್ಕೊಂಡು ಇಳಿದರೆ ಇವತ್ತೇ ಸಹಿ ಹಾಕ್ತಾನೆ. ಇಳಿಯಮ್ಮ. ಟ್ರೇ ಜೋಪಾನ. ಹೋಟೆಲಲ್ಲಿ ಇಬ್ಬರೂ ತಿನ್ನಿ, ನಾಳೆ ದಾರಿಗೂ ಆಗುತ್ತೆ. ಅಯ್ಯೋ ವಾಪಸ್ ಕೊಡೋ ಯೋಚನೆ ನಿನಗ್ಯಾಕೆ, ಅದು ಬೇಕಾಗಿಲ್ಲ, ಇಟ್ಕೊಂಡುಬಿಡು.

...ಏನು?

ಅಲ್ಲ, ಹಾಗಲ್ಲ. ನನ್ನ ಹತ್ರ ಬೇಕಾದಷ್ಟಿವೆ ಅಂತ ಹೇಳಿದೆ. ಯಾಕೆ ಹಿಂದಿನ ಸೀಟು ನೋಡ್ತಿದೀಯ? ಇನ್ನೊಂದೇ ಉಳಿದಿರೋದು. ಅದು ಫಿಲಿಸ್‌ದು. ಮುಚ್ಚಳ ಯಾಕೆ ತೆಗೀತಿ... ಹೌದು. ಖಾಲಿ. ಪುರುಸೊತ್ತಾಗಲಿಲ್ಲ ಕಣೇ, ಬೆಳಗ್ಗೆಯಿಂದ ನಿನ್ನ ಖರ್ಜೂರದ್ದೇ ಆಯ್ತು. ಡಲೋರಿಸ್‌ದೂ... ಹೂಂ, ಬಾರ್ಬ್‌ದೂ. ಎಲ್ಲಾ ಖಾಲಿ.

ಹಾಗೆ ನೋಡಬೇಡ.

ಟ್ರೇ ಎತ್ತಬೇಡ, ಚೆಲ್ಲುತ್ತೆ. ತಳದಲ್ಲಿ ಏನಿಲ್ಲ ಅಲ್ಲಿ... ಸರಿ. ಓದಿದ್ಯಲ್ಲ. ನನ್ನ ಹೆಸರಲ್ಲ ಅದು. ಆರ್ಡಿಸ್ ಹಾಲ್ವರ್ಸನ್. ನಮಗಿಂತ ಮುಂಚೆ ಇಲ್ಲಿದ್ದ ಕಿಡ್ನಿ ಡಾಕ್ಟರ ಹೆಂಡತಿ. ನನ್ನನ್ನ ಹೀಗೇ ಕಾರಲ್ಲಿ ಕೂರಿಸ್ಕೊಂಡು ಹೊಳೆ, ಗುಂಡಿ, ಗಾಜಿನ ಮನೆ, ಎಲ್ಲಾ ತೋರಿಸಿದಳು. 'ನನ್ನ ಗಂಡ, ನಿನ್ನ ಗಂಡ, ಇಬ್ಬರಿದ್ರೆ ಆರಾಮ' ಅಂದಳು. ಕೊನೆಗೆ ಈ ಟ್ರೇ ತೊಡೆ ಮೇಲಿಟ್ಟಳು. ಸಾಮಾನು ಇಳಿಸಿದ ವಾರವೇ ನಾನು ಆ್ಯಪಲ್ ಕೇಕು ಮಾಡಿ, ತುಂಬಿಸಿ, ವಾಪಸ್ ಕೊಡೋಕೆ ಹೋದೆ. ಕಿಟಕಿಗೆ ಪರದೆ ಇರಲಿಲ್ಲ. ಬಾಗಿಲಿಗೆ ಬೀಗ. ಅರಿಜೋನಾ ಅಂದ್ರು ಪಕ್ಕದ ಮನೆಯವರು. ಅಲ್ಲೇ ಮೆಟ್ಟಿಲ ಮೇಲೆ ಕೂತು ಕೇಕು ಒಬ್ಬಳೇ ತಿಂದೆ.

ರಸ್ ಮಾತು ಕೊಟ್ಟಿದಾರೆ. ನಿಮ್ಮದು ಸಹಿ ಬಿದ್ದ ಮಾರನೇ ದಿನ ಅವರು ರಾಜೀನಾಮೆ ಕೊಡ್ತಾರೆ. ಆಸ್ಪತ್ರೆಯವರಿಗೂ ಗೊತ್ತಿಲ್ಲ. ನಡುವೆ ಬಿಟ್ಟು ಹೋಗು ಅಂದ್ರೆ ಅವರ ಕೈಲಿ ಆಗಲ್ಲ, ರೋಗಿಗಳು ಸಾಯ್ತಾರೆ, ಅದು ನಿಜ, ನಾನೂ ಕೇಳಲಿಲ್ಲ. ಒಬ್ಬರು ಬರಲಿ, ಒಬ್ಬರು ಬರಲಿ ಅಂತ... ನಮ್ಮಪ್ಪನ ಮನೆ ಇನ್ನೂ ಇದೆ ಕೊರಿನ್. ಅಡುಗೆಮನೆ ಕಿಟಕಿಯಿಂದ ನೀರು ಕಾಣುತ್ತೆ. ನನಗೆ ಅಲ್ಲಿಗೆ ಹೋಗಬೇಕು. ಈ ಊರಿನ ಮೇಲೆ ನನಗೆ ಸಿಟ್ಟಿಲ್ಲ, ನನಗೆ ಹೋಗಬೇಕು ಅಷ್ಟೇ.

ಏನಾದ್ರೂ ಅನ್ನು. ಬೈಯಿ ಬೇಕಾದ್ರೆ.

ಅವತ್ತು ಆರ್ಡಿಸ್ ಕಾರು ನಿಲ್ಲಿಸಿದಾಗ ನನಗೂ ಅನುಮಾನ ಬಂದಿತ್ತು, ಗೊತ್ತಾ. ಅವಳ ಕಾರಲ್ಲೂ ಹಿಂದೆ ಪಾತ್ರೆಗಳಿದ್ದವು. ನಾನು ಹೊಸಬಳು, ಏನಂತ ಕೇಳೋದು ಅಂತ ಸುಮ್ಮನೆ ಕೂತಿದ್ದೆ. ಈಗ ನೀನು ಕೂತಿದೀಯಲ್ಲ, ಹೀಗೇ, ಟ್ರೇ ಹಿಡ್ಕೊಂಡು. ಅವಳು ಅದನ್ನ ಒಪ್ಪಿಗೆ ಅಂತ ತೊಗೊಂಡಳು.

ನೋಡು, ಕೈ ಬೀಸ್ತಿದಾನೆ ನಿನ್ನ ಗಂಡ. ಬಾಯಿ ಬಿಟ್ಟು ಬೇಡ ಅನ್ನು. ಒಂದು ಸಲ. ನಾನೇ ಒಳಗೆ ಹೋಗಿ ಇಬ್ಬರಿಗೂ ಎಲ್ಲಾ ಹೇಳ್ತೀನಿ, ನಾಳೆ ವಿಮಾನಕ್ಕೆ ನಾನೇ ಬಿಡ್ತೀನಿ. ಆದರೆ ನೀನು ಹೇಳಬೇಕು. ಸುಮ್ಮನಿದ್ರೆ ನಾನೂ ತೊಗೋತೀನಿ ಕೊರಿನ್. ನಾನು ಅಷ್ಟು ಒಳ್ಳೆಯವಳಲ್ಲ. ನಿಜವಾಗ್ಲೂ ತೊಗೋತೀನಿ.

...ಕೊರಿನ್?

...

ಸರಿ. ಇಳಿ ಹಾಗಾದ್ರೆ, ಕಾಯ್ತಿದಾರೆ. ಟ್ರೇ ಮರೀಬೇಡ.