ಮೊಸಳೆಯ ನಾಲ್ಕು ಬಲಗಾಲು

ಹೆಸರು: ಎಲ್ಲರೂ ಕರೆಯುವುದು ಜೋಡಕ್ಕ ಎಂದು. ವಯಸ್ಸು: 52 ವರ್ಷ. ಕೆಲಸ: ನದಿ ದ್ವೀಪದ ಉದ್ಯಾನದಲ್ಲಿ ನೀರಿಗಿಳಿಯುವವರ ಚಪ್ಪಲಿ ಕಾಯುವುದು. ವಾಸ: ದೋಣಿಕಟ್ಟೆ ರಸ್ತೆ, ಹಗ್ಗದ ಅಂಗಡಿಯ ಮೇಲಿನ ಮನೆ, ತಮ್ಮನೊಂದಿಗೆ.

ಈ ಮೂಲಕ ಠಾಣೆಗೆ ತಿಳಿಸುವುದೇನೆಂದರೆ, ಸದರಿ ದ್ವೀಪವನ್ನು ಸಾರ್ವಜನಿಕರ ವಿಹಾರಕ್ಕೆಂದು ಕಾಯ್ದಿರಿಸಲಾಗಿದ್ದು, ಅಲ್ಲಿ ಯಾರೂ ಸ್ವಂತಕ್ಕೆ ಒಂದು ಗೂಟವನ್ನೂ ನೆಡುವಂತಿಲ್ಲ. ಅದರ ಮರಳು ದಂಡೆಯಲ್ಲಿ ಊರಿನ ಮಕ್ಕಳು ಈಜು ಕಲಿಯುತ್ತಾರೆ. ನಾನು ಹತ್ತೊಂಬತ್ತು ವರ್ಷಗಳಿಂದ ಅಲ್ಲಿ ಕುಳಿತಿದ್ದು, ಒಬ್ಬರ ಎಡಗಾಲಿನದನ್ನು ಇನ್ನೊಬ್ಬರ ಬಲಗಾಲಿನದರ ಜೊತೆ ಕೊಟ್ಟು ಕಳುಹಿಸಿದ್ದಿಲ್ಲ.

ಈ ತಿಂಗಳ 4ರಂದು ಬೆಳಿಗ್ಗೆ 6.40ಕ್ಕೆ ಮೊದಲ ದೋಣಿಯಲ್ಲಿ ಹೋದಾಗ ದಂಡೆಯ ಮೇಲೆ ಮೊಸಳೆಯ ಹೆಜ್ಜೆಗಳಿದ್ದವು. ದೋಣಿಯವನು ಬಾಯಿ ಬಡಿದುಕೊಂಡನು. ಹತ್ತು ಗಂಟೆಯೊಳಗೆ ಊರಿಗೆಲ್ಲ ಸುದ್ದಿಯಾಗಿ, ದಂಡೆಗೆ ಹಗ್ಗ ಕಟ್ಟಿದರು. ಅಂದಿನಿಂದ ಒಂದು ಮಗುವೂ ನೀರಿಗಿಳಿದಿಲ್ಲ. ಬರುವ ಸೋಮವಾರ ಉದ್ಯಾನ ಸಮಿತಿಯವರು ಸಭೆ ಸೇರಿ, ದಂಡೆಯನ್ನು ಜನರಿಗೆ ಮುಚ್ಚಿ ಹೌಸ್‌ಬೋಟ್ ಮಾಲೀಕರಿಗೆ ಬೋಟು ಕಟ್ಟಿ ನಿಲ್ಲಿಸಲು ಬಿಡುವ ಬಗ್ಗೆ ತೀರ್ಮಾನಿಸಲಿದ್ದಾರೆ. ಮೊಸಳೆ ಬಂತೆಂದು ಬೇಸರವಾಗದವರು ಊರಲ್ಲಿ ಆ ಮಾಲೀಕರೊಬ್ಬರೇ. ಆದ್ದರಿಂದ ಮೊದಲ ಅನುಮಾನ ಅವರ ಮೇಲೆ ಬಂತು. ಎರಡನೆಯದು ದೋಣಿಯವನ ಮೇಲೆ, ಏಕೆಂದರೆ ಅವನು ಹೆಜ್ಜೆ ನೋಡುವ ಮೊದಲೇ ಕೂಗಿದಂತೆ ನನಗೆ ತೋರಿತು. ಈಗ ಅವನ ಮೇಲೆ ಅನುಮಾನವಿಲ್ಲ. ಅವನು ಹುಟ್ಟಾ ಪುಕ್ಕಲ.

ನಾನು ಬಗ್ಗಿ ಹೆಜ್ಜೆಗಳನ್ನು ನೋಡಿದೆನು. ಸಣ್ಣ ಬೆರಳು ಎಲ್ಲದರಲ್ಲೂ ಒಂದೇ ಪಕ್ಕಕ್ಕಿತ್ತು. ನಾಲ್ಕೂ ಬಲಗಾಲು, ಒಂದೇ ಅಚ್ಚಿನಿಂದ ಒತ್ತಿದಂತೆ. ಬಾಲ ಎಳೆದ ಗುರುತೂ ಇರಲಿಲ್ಲ. ಮಾಡಿದವರು ಎಚ್ಚೆತ್ತುಕೊಳ್ಳಬಾರದೆಂದು ಅಲ್ಲಿ ತುಟಿ ಬಿಚ್ಚಲಿಲ್ಲ.

ಅಂದು ಸಂಜೆ ಊಟಕ್ಕೆ ಕುಳಿತಾಗ, ಎಡಗಾಲೂ ಇಲ್ಲದ ಬಾಲವೂ ಇಲ್ಲದ ಮೊಸಳೆ ಬಂದಿದೆ ಎಂದು ತಮ್ಮನಿಗೆ ಮಾತ್ರ ಹೇಳಿ ನಕ್ಕೆನು. ತಮ್ಮನು ಬಡಗಿ. ಬಹಳ ದಿನ ಕೆಲಸವಿಲ್ಲದೆ ಮನೆಯಲ್ಲಿದ್ದು, ಕಳೆದ ತಿಂಗಳಿಂದ ಹೌಸ್‌ಬೋಟಿನ ಮರಗೆಲಸಕ್ಕೆ ಹೋಗುತ್ತಿದ್ದಾನೆ. ಅವನು ನಗಲಿಲ್ಲ. ಅವನ ಮಾತನ್ನು ಅವನು ಆಡಿದಂತೆಯೇ ಬರೆದುಕೊಳ್ಳಬೇಕು: "ಅಕ್ಕಾ, ನಿಂಗೆ ಎಲ್ಲಿ ನೋಡಿದ್ರೂ ಚಪ್ಪಲಿನೇ ಕಾಣ್ಸುತ್ತೆ. ಮೊಸಳೆಗೆ ಎಂಥ ಎಡ, ಎಂಥ ಬಲ? ಸುಮ್ನೆ ಊಟ ಮಾಡು." ಅವನ ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯಿತು. ಮೈ ಸರಿಯಿಲ್ಲವೇನೋ ಎಂದುಕೊಂಡೆನು.

5ರ ರಾತ್ರಿ ಬೋಟಿನಲ್ಲೇ ಕೆಲಸವಿದೆಯೆಂದು ತಮ್ಮನು ಮನೆಗೆ ಬರಲಿಲ್ಲ. 6ರಂದು ಬೆಳಿಗ್ಗೆ ಹಗ್ಗದ ಒಳಗೆ ಹೊಸ ಹೆಜ್ಜೆಗಳಿದ್ದವು. ಈ ಸಲ ಎಡ, ಬಲ, ಎಡ, ಬಲ, ಒಂದೂ ತಪ್ಪಿರಲಿಲ್ಲ. ನಡುವೆ ಬಾಲದ ಗೆರೆಯೂ ಇತ್ತು. ದೋಣಿಯವನು ದೂರದಲ್ಲೇ ನಿಂತು, "ಜೋಡಕ್ಕಾ, ಇನ್ನೂ ಯಾಕೆ ಕೂತಿದ್ದೀಯಾ, ಗಂಟುಮೂಟೆ ಕಟ್ಟು" ಎಂದನು. ನಾನು ಎದ್ದು ಚೀಲ ಎತ್ತಿಕೊಂಡೆನು. ಅದು ಮೊಸಳೆಯ ಭಯಕ್ಕಲ್ಲ. ಎಡಗಾಲಿನ ಮಾತು, ಬಾಲದ ಮಾತು ಎರಡನ್ನೂ ನಾನು ಆಡಿದ್ದು ಒಬ್ಬನ ಮುಂದೆ ಮಾತ್ರ.

ಮನೆಗೆ ಬಂದು ಅವನ ಹತ್ಯಾರದ ಪೆಟ್ಟಿಗೆಯ ಮುಂದೆ ಸುಮಾರು ಹೊತ್ತು ಕುಳಿತೆನು. ತೆರೆಯಲು ಕೈ ಬರಲಿಲ್ಲ. ಅದನ್ನು ಪೊಲೀಸರಾದ ತಾವೇ ತೆರೆಯಬೇಕು. ಅಮ್ಮ ತೀರಿಕೊಂಡ ವರ್ಷ ಅವನಿಗೆ ಈಜು ಕಲಿಸಲು ಅದೇ ದಂಡೆಗೆ ಕರೆದೊಯ್ದವಳು ನಾನು. ನಾನು ಕಾಯ್ದ ಮೊದಲ ಜೋಡಿ ಅವನದೇ. ಕೇಸಿಗೆ ಇದು ಬೇಡವೆಂದು, ಇದನ್ನು ಬರೆದುಕೊಳ್ಳುತ್ತಿರುವ ಠಾಣೆಯ ರೈಟರ್ ಹೇಳಿದರೂ ಇರಲಿ ಎಂದು ನಾನು ಕೇಳಿಕೊಂಡೆನು. ಮಾಲೀಕರು ನಾಳೆ ಎಲ್ಲವನ್ನೂ ಬಡಗಿಯ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತಾರೆಂಬ ಅನುಮಾನವೂ ನನಗಿದೆ.

ಠಾಣೆಗೆ ಒಬ್ಬಳೇ ಹೋಗಬೇಡವೆಂದು ತಮ್ಮನೇ ನನ್ನ ಜೊತೆ ಬಂದಿದ್ದು, ಹೊರಗಿನ ಬೆಂಚಿನಲ್ಲಿ ನನ್ನ ಚೀಲ ಹಿಡಿದು ಕುಳಿತಿದ್ದಾನೆ. ಚಪ್ಪಲಿ ಕಳುವಾದ ದೂರೆಂದು ಅವನಿಗೆ ಹೇಳಿದ್ದೇನೆ. ಅವನನ್ನು ಒಳಗೆ ಕರೆಯುವ ಮೊದಲು ನನ್ನನ್ನು ಹಿಂಬಾಗಿಲಿನಿಂದ ಕಳುಹಿಸಿಕೊಡಬೇಕೆಂದು ಕೋರಿದೆನು. ಈ ಠಾಣೆಗೆ ಹಿಂಬಾಗಿಲು ಇಲ್ಲವೆಂದು ರೈಟರ್ ತಿಳಿಸಿದರು.

ಮೇಲಿನದನ್ನು ನನಗೆ ಓದಿ ಹೇಳಲಾಗಿದ್ದು, ನಾನು ಹೇಳಿದಂತೆಯೇ ಇದೆ. ಇದರಲ್ಲಿ ಒಂದು ಮಾತಾದರೂ ಸುಳ್ಳಾಗಿದ್ದರೆ ಚೆನ್ನಾಗಿತ್ತು.

ಸ್ಥಳ: ನದಿದಂಡೆ ಠಾಣೆ
ದಿನಾಂಕ: 7, ಬೆಳಿಗ್ಗೆ 11.15
ಸಹಿ: ಜೋಡಕ್ಕ