ಎರಡೂವರೆ ಮಿಲಿಮೀಟರ್

ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರಿಗೆ, ಅವರ ಮಗಳಿಗೆ, ನಮ್ಮ ಮಾಲೀಕರಿಗೆ, ಮರದ ಕಾರ್ಖಾನೆಯ ಎಲ್ಲ ಗೆಳೆಯರಿಗೆ — ನಮಸ್ಕಾರ.

ಅಗಲಿದ ನಮ್ಮ ಸಹೋದ್ಯೋಗಿಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡಬೇಕೆಂದು ಮಾಲೀಕರು ಹೇಳಿದ್ದಾರೆ. ಮೇಸ್ತ್ರಿಯಾದವನೇ ಮೊದಲು ಮಾತಾಡಲಿ ಎಂದರು. ಆಡುತ್ತೇನೆ. ಆದರೆ ನಾನು ಹೇಳಬೇಕಾದದ್ದರಲ್ಲಿ ಒಂದು ಮಾತು ಒಳ್ಳೆಯದಲ್ಲ. ಅದನ್ನೂ ದಯವಿಟ್ಟು ಕೇಳಿಸಿಕೊಳ್ಳಿ.

ಹತ್ತೊಂಬತ್ತು ವರ್ಷ ಅವರ ಮೇಜಿನ ಪಕ್ಕದ ಮೇಜು ನನ್ನದು. ನಾವೆಲ್ಲ ಅವರನ್ನು 'ಕೂದಲೆಳೆ' ಎಂದು ಕರೆಯುತ್ತಿದ್ದೆವು. ಯಾಕೆಂದು ಗೊತ್ತಲ್ಲ — ಅವರು ಕಪಾಟಿನ ಬಾಗಿಲಿಗೆ ಹಲಗೆ ಕೊಯ್ದರೆ ಚೌಕಟ್ಟಿಗೂ ಬಾಗಿಲಿಗೂ ನಡುವೆ ಕೂದಲೆಳೆಯಷ್ಟೇ ಸಂದು. ಮೇಲೂ ಅಷ್ಟೇ, ಕೆಳಗೂ ಅಷ್ಟೇ, ಎಡಕ್ಕೂ ಬಲಕ್ಕೂ ಅಷ್ಟೇ. ಮೊದಲು ಒಂದು ಗೆರೆ ಹೆಚ್ಚಿಗೇ ಕೊಯ್ಯುತ್ತಿದ್ದರು. ಆಮೇಲೆ ಉಜ್ಜುಗೊರಡು ಹಿಡಿದು — ಹೀಗೆ, ಮೊಣಕೈ ಮೈಗೆ ಅಂಟಿಸಿಕೊಂಡು — ಒಂದೆಳೆ ಹೆರೆಯುತ್ತಿದ್ದರು. ಚೌಕಟ್ಟಿಗೆ ಹಿಡಿದು ನೋಡುತ್ತಿದ್ದರು. ಮತ್ತೆ ಒಂದೆಳೆ. ಕೊನೆಗೆ ಅಂಗೈಯಿಂದ ಮೆಲ್ಲಗೆ ತಳ್ಳಿದರೆ ಬಾಗಿಲು 'ಫುಸ್' ಎಂದು ಗಾಳಿ ಬಿಟ್ಟು ಒಳಗೆ ಕೂರುತ್ತಿತ್ತು.

ಆ ಸದ್ದು ಕೇಳಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಮ್ಮನೆ ಆಡುವ ಮಾತಲ್ಲ ಇದು. ನಾನು ಅಳೆದೂ ಸುರಿದೂ ಕೊಯ್ದರೂ ಒಂದು ಮೂಲೆ ಕಚ್ಚುತ್ತಿತ್ತು, ಇನ್ನೊಂದು ಮೂಲೆ ಬಾಯಿ ಬಿಡುತ್ತಿತ್ತು. ಗರಗಸ ಸರಿಯಿಲ್ಲ ಎನ್ನುತ್ತಿದ್ದೆ, ಮರ ಇನ್ನೂ ಹಸಿ ಎನ್ನುತ್ತಿದ್ದೆ. ಕುಣಿಯಲಾರದವಳಿಗೆ ನೆಲ ಡೊಂಕು! ನಮ್ಮ ಮನೆಗೊಂದು ಬಟ್ಟೆ ಬೀರು ಬೇಕಾದಾಗ ನನ್ನ ಹೆಂಡತಿ ಏನೆಂದಳು ಗೊತ್ತೆ? "ಬೇಜಾರು ಮಾಡ್ಕೋಬೇಡಿ ರೀ... ಬಾಗಿಲು ಮಾತ್ರ ಅವರ ಕೈಲೇ ಮಾಡಿಸಿ." — ನಗಿ, ಪರವಾಗಿಲ್ಲ. ಅವಳೂ ಇಲ್ಲೇ ಕೂತಿದ್ದಾಳೆ. ಅವತ್ತು ನಾನು ಊಟ ಬಿಟ್ಟೆ.

ಹನ್ನೊಂದು ವರ್ಷದ ಹಿಂದಿನ ಮಾತು. ಹಳೆಯ ಮೇಸ್ತ್ರಿ ಕೆಲಸ ಬಿಡುವವರಿದ್ದರು. ಗ್ರಂಥಾಲಯವೊಂದಕ್ಕೆ ಹನ್ನೆರಡು ಬಾಗಿಲಿನ ಕಪಾಟು ಮಾಡಬೇಕಿತ್ತು. ಆರು ಬಾಗಿಲು ನಮ್ಮ ಕೂದಲೆಳೆಯವರಿಗೆ, ಆರು ನನಗೆ. ಕೆಲಸ ನೋಡಿ ಮುಂದಿನ ಮೇಸ್ತ್ರಿ ಯಾರೆಂದು ಹೇಳುತ್ತೇನೆ ಎಂದಿದ್ದರು ಮಾಲೀಕರು. ಬಾಗಿಲು ಕೂರಿಸುವ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ನಾನು ಹೋಗಲಿಲ್ಲ. ಅವರ ಆರನೆಯ ಹಲಗೆ ಎತ್ತಿಕೊಂಡೆ. ನನ್ನ ಉಜ್ಜುಗೊರಡಿನಿಂದ ಅದರ ಅಂಚನ್ನು ಎಂಟು ಸಲ — ಎಂಟು ಸಲ, ಗಟ್ಟಿಯಾಗಿ ಒತ್ತಿ ಹೆರೆದೆ. ಬಿದ್ದ ಸುರುಳಿಗಳನ್ನು ಜೇಬಿಗೆ ತುರುಕಿಕೊಂಡೆ.

ಸಂಜೆ ಮಾಲೀಕರ ಎದುರಿಗೆ, ಎಲ್ಲರೂ ನೋಡುತ್ತಿರುವಾಗ, ಅವರು ಆ ಬಾಗಿಲು ತಳ್ಳಿದರು. ಅದು ಚೌಕಟ್ಟಿನೊಳಗೆ ಲೊಡಲೊಡ ಎಂದಿತು. ಹೊರತೆಗೆದು ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ನನ್ನ ಉಜ್ಜುಗೊರಡಿನ ಅಲಗು ಒಂದು ಕಡೆ ಮುಕ್ಕಾಗಿತ್ತು. ಹೆರೆದಲ್ಲೆಲ್ಲ ದಾರದಂಥ ಗೆರೆ ಬಿಡುತ್ತಿತ್ತು. ಪಕ್ಕದ ಮೇಜಿನವರಿಗೆ ಅದು ಗೊತ್ತಿರದೆ ಇರುತ್ತದೆಯೇ? ಹೆಬ್ಬೆರಳು ನಿಂತಿತು. ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದರು.

"ಏನಾಯ್ತು?" ಎಂದರು ಮಾಲೀಕರು.

"ಚಿಕ್ಕದಾಗಿದೆ. ಬೇರೆ ಕೊಯ್ದು ಕೊಡ್ತೀನಿ."

ಅಷ್ಟೇ. ನನ್ನ ಆರು ಬಾಗಿಲುಗಳು ಹೇಗೋ ತಿಣುಕಿ ಕೂತಿದ್ದವು. ಮೇಸ್ತ್ರಿ ನಾನಾದೆ.

ದೇವರಂಥ ಮನುಷ್ಯ, ಮರೆತುಬಿಟ್ಟರು ಎಂದುಕೊಳ್ಳಬೇಡಿ. ಮಾರನೆಯ ದಿನದಿಂದ ಅವರು ಅಳತೆಗೆ ತಂದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆಯೇ ಕೂತು ಊಟ ಮಾಡತೊಡಗಿದರು. ಹನ್ನೊಂದು ವರ್ಷ! "ಕೋಳಿ ಕಾವಿಗೆ ಕೂತಿದೆ" ಎಂದು ನೀವೆಲ್ಲ ತಮಾಷೆ ಮಾಡುತ್ತಿದ್ದಿರಿ. ಅವರೂ ನಗುತ್ತಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನೊಬ್ಬ ಮಾತ್ರ ಊಟದ ಡಬ್ಬಿ ಎತ್ತಿಕೊಂಡು ಹೊರಗೆ ಹೋಗುತ್ತಿದ್ದೆ.

ಮೇಸ್ತ್ರಿಯಾದ ಮೇಲಾದರೂ ಹೊಟ್ಟೆಕಿಚ್ಚು ಆರಿತೆ? ಎಲ್ಲಿ ಆರುತ್ತದೆ! ಗಿರಾಕಿಗಳು ನನ್ನ ಹತ್ತಿರ ಎಲ್ಲ ಮಾತಾಡಿ, ಕೊನೆಗೆ "ಬಾಗಿಲು ಅವರೇ ಮಾಡ್ಲಿ" ಎನ್ನುತ್ತಿದ್ದರು. ಅವರ ಮೌನದ ಮೇಲೂ ನನಗೆ ಹೊಟ್ಟೆಯುರಿ. ಅವರ ಜಾಗದಲ್ಲಿ ನಾನಿದ್ದಿದ್ದರೆ ಊರಿಗೆಲ್ಲ ಡಂಗುರ ಹೊಡೆಯುತ್ತಿದ್ದೆ. ಅವರಿಗೆ ಸುಮ್ಮನಿರಲು ಬರುತ್ತಿತ್ತು. ನನಗೆ ಅದೂ ಬರುತ್ತಿರಲಿಲ್ಲ.

ಅವರು ತೀರಿಕೊಳ್ಳುವ ಮೂರು ದಿನ ಮುಂಚೆ, ಗುರುವಾರ, ಆಸ್ಪತ್ರೆಗೆ ಹೋದೆ. ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದರು. ಮಂಚದ ಪಕ್ಕ ನಿಂತು, "ಆ ಗ್ರಂಥಾಲಯದ ಬಾಗ್ಲು... ಹೆರೆದಿದ್ದು ನಾನೇ," ಎಂದೆ.

"ಗೊತ್ತು. ಎಷ್ಟು ತೆಗ್ದೆ?"

"ಎರಡು ಮಿಲಿಮೀಟರ್."

ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದರು. "ಎರಡೂವರೆ."

ನೋಡಿ — ನಾನು ಮಾಡಿದ ತಪ್ಪಿನ ಅಳತೆಯೂ ನನಗಿಂತ ಅವರಿಗೇ ಸರಿಯಾಗಿ ಗೊತ್ತಿತ್ತು! ಮೂಗಿಗೆ ನಳಿಕೆ ಹಾಕಿಕೊಂಡು ಮಲಗಿದ್ದ ಆ ಮನುಷ್ಯನ ಮೇಲೆ, ಆ ಗಳಿಗೆಯಲ್ಲೂ, ನನಗೆ ಹೊಟ್ಟೆಕಿಚ್ಚಾಯಿತು. ಹೇಳಲು ನಾಚಿಕೆಯಾಗುತ್ತದೆ. ಆದರೂ ಆಯಿತು.

"ಕ್ಷಮಿಸಿಬಿಡಪ್ಪ," ಎಂದೆ.

"ನನ್ನ ಕಿವೀಲಿ ಹೇಳಿದ್ರೆ ಆಗಲ್ಲ. ಎಲ್ರ ಮುಂದೆ ಲೊಡಲೊಡ ಅಂದಿದ್ದು ನನ್ನ ಬಾಗ್ಲು. ಎಲ್ರ ಮುಂದೆ ಹೇಳು. ಆಮೇಲೆ ನೋಡೋಣ."

"ಸೋಮವಾರ ಹೇಳ್ತೀನಿ," ಎಂದೆ. ಭಾನುವಾರ ಬೆಳಿಗ್ಗೆ ಅವರ ಮಗಳ ಫೋನ್ ಬಂತು.

ಅತ್ತಿಗೆ — ಮಾಲೀಕರೇ — ಗೆಳೆಯರೇ — ಆ ಆರನೆಯ ಬಾಗಿಲಿನಲ್ಲಿ ಅವರ ತಪ್ಪಿರಲಿಲ್ಲ. ಅವರು ಸರಿಯಾಗಿಯೇ ಕೊಯ್ದಿದ್ದರು. ಕೆಡಿಸಿದವನು ನಾನು. ಮೇಸ್ತ್ರಿಯಾಗಬೇಕಿದ್ದವರು ಅವರು. ಕಾರ್ಖಾನೆಯ ಬೀಗದ ಕೈ ನಾಳೆ ಬೆಳಿಗ್ಗೆ ಮಾಲೀಕರ ಮೇಜಿನ ಮೇಲಿರುತ್ತದೆ. ನನ್ನನ್ನು ಏನು ಮಾಡಬೇಕೆಂಬುದು ಅವರಿಗೆ ಬಿಟ್ಟದ್ದು. "ಆಮೇಲೆ ನೋಡೋಣ" ಎಂದವರು ನೋಡಲು ಇಲ್ಲ. ಇವತ್ತು ಇದನ್ನು ಕೇಳಿ ಅವರು ಏನೆನ್ನುತ್ತಿದ್ದರೋ, ನನಗೆ ಇನ್ನು ಗೊತ್ತಾಗುವುದಿಲ್ಲ.

ಎಲ್ಲರೂ ಎದ್ದು ನಿಲ್ಲಬೇಕೆಂದು ಕೈಮುಗಿದು ಕೇಳುತ್ತೇನೆ. ನನ್ನ ಮುಖ ನೋಡಲು ಮನಸ್ಸಿಲ್ಲದವರು ನನಗೆ ಬೆನ್ನು ಮಾಡಿ ನಿಂತರೂ ಸರಿ — ಅವರಿಗಾಗಿ ನಿಲ್ಲಿ. ಅತ್ತಿಗೆ ಮತ್ತೆ ಕೂರುವವರೆಗೆ ಯಾರೂ ಮಾತಾಡುವುದು ಬೇಡ.