ಅರ್ಧ ಬೆಲೆಯ ಹೊಲಿಗೆ

ವರ್ತಕರ ಸಂಘದ ಅಧ್ಯಕ್ಷರೇ, ಅವರ ಪಕ್ಕದಲ್ಲಿ ನಗುತ್ತ ಕೂತಿರುವ ಆನ್‌ಲೈನ್ ಕೂಪನ್ ಕಂಪನಿಯ ಸಾಹೇಬರೇ, ಊಟದ ಕೋಣೆಯ ಬಾಗಿಲನ್ನೇ ನೋಡುತ್ತಿರುವ ಸಭಿಕರೇ,

ಅತಿ ಹೆಚ್ಚು ಕೂಪನ್ ಮಾರಿದ ಅಂಗಡಿ ಎಂದು ನಮ್ಮ ಹೊಲಿಗೆ ಅಂಗಡಿಗೆ ಈ ಫಲಕ ಕೊಟ್ಟಿದ್ದೀರಿ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಇಷ್ಟು ಬಲ್ಲೆ: ಒಬ್ಬ ಸುಮ್ಮಸುಮ್ಮನೆ ಬೆನ್ನು ತಟ್ಟಿದರೆ, ಅವನ ಇನ್ನೊಂದು ಕೈ ಎಲ್ಲಿದೆ ಎಂದು ನೋಡಬೇಕು.

ನನಗೆ ಅಂಕಿ ಬರೆಯುವುದಕ್ಕಿಂತ ಗಂಟು ಹಾಕುವುದು ಸಲೀಸು. ಒಬ್ಬೊಬ್ಬ ಗಿರಾಕಿಯ ಅಳತೆಗೂ ಒಂದೊಂದು ದಾರ. ಕುತ್ತಿಗೆಗೊಂದು ಗಂಟು, ಭುಜಕ್ಕೊಂದು, ಸೊಂಟಕ್ಕೊಂದು. ನಲವತ್ತು ವರ್ಷದ ದಾರಗಳು ಗೋಡೆಯ ಮೊಳೆಗಳಲ್ಲಿ ನೇತಾಡುತ್ತಿದ್ದವು. ಅಧ್ಯಕ್ಷರದೂ ಇದೆ, ಅವರ ಸೊಂಟದ ಗಂಟು ಎಷ್ಟು ಸಲ ಮುಂದೆ ಸರಿಯಿತು ಎಂದು ಇಲ್ಲಿ ಹೇಳುವುದಿಲ್ಲ.

ಕೂಪನ್ ಬಂತು. ಹೊಲಿಗೆ ಅರ್ಧ ಬೆಲೆಗೆ, ಆ ಅರ್ಧದಲ್ಲೂ ಅರ್ಧ ಕಂಪನಿಗೆ. ಒಂದೇ ತಿಂಗಳಲ್ಲಿ ಆರುನೂರು ಜನ. ದಾರ ಹಿಡಿಯಲು ಹೊತ್ತೆಲ್ಲಿ? ಸೊಸೆ ಅಂದಾಜಿನಲ್ಲಿ ಕತ್ತರಿಸಿದಳು. ಅವಧಿ ಮುಗಿದ ಕೂಪನ್ ಹಿಡಿದು ಒಬ್ಬ ಹುಡುಗಿ ಅಳುತ್ತ ನಿಂತಳು: “ದುಡ್ಡು ಮೊದಲೇ ಕಟ್ಟಿದ್ದೀನಜ್ಜಿ. ಇರುವೆಯಂಥ ಅಕ್ಷರದಲ್ಲಿ ಷರತ್ತು ಬರೆದ್ರೆ ಯಾರು ಓದ್ತಾರೆ?” ಅವಳ ಕಣ್ಣಿಗೆ ಕಂಡ ಕಳ್ಳರು ನಾವೇ.

ಹಳೆಯ ಗಿರಾಕಿ ಪೋಸ್ಟ್‌ಮಾಸ್ಟರು. ಮೊದಲು ಪೋಸ್ಟ್‌ಮ್ಯಾನ್ ಆಗಿದ್ದಾಗ ಚೀಲ ಹೊತ್ತು ಹೊತ್ತು ಅವರ ಎಡಭುಜ ಇಳಿದಿದೆ. ಮೂರು ದಿನ ನಮ್ಮ ಬೆಂಚಿನಲ್ಲಿ ಕಾದರು. ನಾಲ್ಕನೇ ದಿನ, “ನನ್ನ ದಾರ ಕೊಟ್ಬಿಡಮ್ಮ, ಬೇರೆ ಕಡೆ ಹೊಲಿಸ್ಕೋತೀನಿ” ಎಂದರು. ಅವರ ಹಿಂದೆ ಮತ್ತೊಬ್ಬರು, ಮಗದೊಬ್ಬರು. ಆ ಆರುನೂರರಲ್ಲಿ ಎರಡನೇ ಸಲ ಬಂದವರು ಎಷ್ಟು ಜನ? ಒಬ್ಬರೂ ಇಲ್ಲ.

“ಯಾರನ್ನ ಕೇಳಿ ಒಪ್ಕೊಂಡೆ?” ಎಂದು ಮಗ ಹೆಂಡತಿಯ ಮೇಲೆ ಹಾರಾಡಿದ. ನಾಳೆ ಅವಳ ಮಿಷನ್ ಹೊರಗಿಟ್ಟು, ಅಂಗಡಿಯನ್ನು ಬಾಡಿಗೆಗೆ ಕೊಡುತ್ತಾನಂತೆ.

ಫೋನು ಅವಳದು. ಬೆರಳು ನನ್ನದು.

ಅವಳು ಫೋನನ್ನು ಅಂಗಡಿಯಲ್ಲೇ ಬಿಟ್ಟು ನೂಲು ತರಲು ಹೋಗಿದ್ದಾಗ ಇದೇ ಸಾಹೇಬರು ಬಂದರು. ನೀರು ಕುಡಿದರು. “ಅಮ್ಮಾ, ಇಂಥ ಕಾಜಾ ನಾನು ಎಲ್ಲೂ ನೋಡಿಲ್ಲ” ಎಂದರು. ಗುಂಡಿಯ ಕಾಜಾ ಹೊಲಿದು ಹೊಲಿದು ನನ್ನ ಕಣ್ಣು ಮಂಜಾಯಿತು, ಒಬ್ಬರಾದರೂ ಹೊಗಳಿದ್ದುಂಟೇ? ಇಲ್ಲಿ ಒತ್ತಿ ಎಂದರು, ಒತ್ತಿದೆ. ಹಾಲಿನವನನ್ನು ಅನುಮಾನಿಸಿದವಳು ನಾನು, ಚಿಲ್ಲರೆಯನ್ನು ಮೂರು ಸಲ ಎಣಿಸಿದವಳು ನಾನು. ಹೊಗಳಿದವನನ್ನು ಮಾತ್ರ ಅನುಮಾನಿಸಲಿಲ್ಲ. ಸೊಸೆಗೆ ಎಲ್ಲ ಗೊತ್ತಿತ್ತು. ಮುದುಕಿಯ ಮರ್ಯಾದೆ ಉಳಿಯಲೆಂದು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ, ನನ್ನದು ಹೇಡಿತನ.

ಇಲ್ಲೇ ಕೂತಿರುವ ಮಗನೇ, ಬೈಯುವುದಿದ್ದರೆ ನನ್ನನ್ನು ಬೈ. ಮಿಷನ್ ಇದ್ದಲ್ಲೇ ಇರಲಿ. ಅಂಗಡಿಯವರೇ, ಇನ್ನೊಂದು ಗಳಿಗೆಯಲ್ಲಿ ಸಾಹೇಬರು ನಿಮ್ಮನ್ನೂ ಹೊಗಳುತ್ತಾರೆ. ಕೇಳಿ ಸಂತೋಷಪಡಿ, ಬೆರಳನ್ನು ಮಾತ್ರ ಜೇಬಿನಲ್ಲಿಟ್ಟುಕೊಳ್ಳಿ.

ಫಲಕವನ್ನು ಈ ಮೇಜಿನ ಮೇಲೇ ಬಿಟ್ಟು ಹೋಗುತ್ತೇನೆ. ನಮ್ಮ ಗೋಡೆಯಲ್ಲಿ ಖಾಲಿ ಮೊಳೆಗಳು ಬೇಕಾದಷ್ಟಿವೆ. ಆದರೆ ಅವು ಕಾದಿರುವುದು ದಾರಗಳಿಗೆ. ಇಷ್ಟು ಹೊತ್ತು ಕಿವಿಗೊಟ್ಟಿರಿ, ಉಪಕಾರವಾಯಿತು. ಐದನೇ ಸಾಲಿನಲ್ಲಿರುವ ಪೋಸ್ಟ್‌ಮಾಸ್ಟರೇ, ನಿಮ್ಮ ಹೊಸ ಕೋಟಿನ ಎಡಭುಜ ಜೋತಿದೆ. ನಾಳೆ ದಾರ ತನ್ನಿ. ನನ್ನ ಸೊಸೆ ಅಂಗಡಿಯಲ್ಲಿರುತ್ತಾಳೆ.

ನಮಸ್ಕಾರ.